ಆವನಿಯ ಬೆಟ್ಟವೂ ಮಂದಗಮನವೂ

ನಮ್ಮ ಹೊಸಗನ್ನಡ ಗದ್ಯವನ್ನು ಕುರಿತು ಮಾತು ಬಂದಾಗ ಒಂದು ಅಭಿಪ್ರಾಯವು ಆಗಾಗ ಕೇಳಿಬರುವುದುಂಟು. ಗುರಿಯ ಅವಸರವಿಲ್ಲದೆ ಮೆಲ್ಲನೆ ನಡೆಯುತ್ತ, ನಡೆಯುತ್ತಲೇ ಮನಸ್ಸನ್ನು ಒಳಕ್ಕೆ ತಿರುಗಿಸಿಕೊಳ್ಳುವ ಸುಖವು ಕನ್ನಡಕ್ಕೆ ಇಂಗ್ಲಿಷಿನ ಪ್ರಬಂಧಗಳಿಂದ ಬಂದುದು. ನಮ್ಮ ಹಿಂದಿನವರು ಕ್ಷೇತ್ರವನ್ನು ಸೇರುವುದಕ್ಕಾಗಿ ನಡೆದರೇ ಹೊರತು ನಡೆಯುವುದಕ್ಕಾಗಿ ನಡೆಯಲಿಲ್ಲ ಎಂಬುದೇ ಆ ಅಭಿಪ್ರಾಯ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಹ್ಯಾಜ್ಲಿಟ್ಟನು ಪ್ರಯಾಣವನ್ನು ಕುರಿತ ತನ್ನ ಪ್ರಬಂಧವನ್ನು 1822ರಲ್ಲಿ ಪ್ರಕಟಿಸಿದನು. ಥೋರೋವಿನ ನಡಿಗೆಯ ಪ್ರಬಂಧವು 1862ರಲ್ಲಿ, ಅವನು ತೀರಿಕೊಂಡ ವರ್ಷದಲ್ಲಿ ಅಚ್ಚಾಯಿತು. ಇವನ್ನು ಓದಿ ಬೆಳೆದ ತಲೆಮಾರಿನವರೇ ನಮ್ಮಲ್ಲಿ ಲಲಿತಪ್ರಬಂಧಕ್ಕೆ ರೂಪು ಕೊಟ್ಟವರು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ 1933ರಲ್ಲಿಯೂ ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ 1937ರಲ್ಲಿಯೂ ಬಂದವು. ಮೂರ್ತಿರಾಯರ ಇನ್ನೊಂದು ಸಂಗ್ರಹಕ್ಕೆ ‘ಅಲೆಯುವ ಮನ’ ಎಂದೇ ಹೆಸರು. ಪ್ರಬಂಧವೆಂಬ ಪಾತ್ರೆ ಹೊರಗಿನಿಂದ ಬಂದುದೆಂಬುದನ್ನು ಒಪ್ಪಿಕೊಳ್ಳೋಣ. ಅದರೊಳಗೆ ತುಂಬಿದ ನೀರೂ ಹೊರಗಿನದೇ ಎಂಬುದನ್ನು ಮಾತ್ರ ಪರೀಕ್ಷಿಸದೆ ಒಪ್ಪಲಾಗದು. ಈ ಲೇಖನವು ಆ ಪರೀಕ್ಷೆಗಾಗಿ. ಅದಕ್ಕೆ ನಾವು ಆರಿಸಿಕೊಂಡಿರುವ ಒರೆಗಲ್ಲು ಮುಳಬಾಗಿಲು ತಾಲ್ಲೂಕಿನ ಆವನಿ.

ಮೊದಲು ವಿರುದ್ಧ ಪಕ್ಷಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿಬಿಡುವುದು ಒಳ್ಳೆಯದು. ಮಹಾಕಾವ್ಯದಲ್ಲಿ ಇರತಕ್ಕ ಹದಿನೆಂಟು ವರ್ಣನೆಗಳನ್ನು ಲಾಕ್ಷಣಿಕರು ಎಣಿಸಿರುವರಷ್ಟೆ. ಅವುಗಳಲ್ಲಿ ಪ್ರಯಾಣವುಂಟು; ಅದು ದಂಡಯಾತ್ರೆ. ವನವಿಹಾರವುಂಟು, ಅದು ಭೋಗ. ಒಬ್ಬನು ತನ್ನ ಪಾಡಿಗೆ ತಾನು ನಡೆದುಹೋಗುವುದಕ್ಕೆ ಆ ಪಟ್ಟಿಯಲ್ಲಿ ಎಡೆಯೇ ಇಲ್ಲ. ಮೆಲ್ಲನೆಯ ನಡಿಗೆಯನ್ನು ನಮ್ಮ ಕವಿಗಳು ಹೊಗಳಲಿಲ್ಲವೆ ಎಂದರೆ, ಬೇಸರವಾಗುವಷ್ಟು ಹೊಗಳಿರುವರು: ಹಂಸಗಮನೆ, ಗಜಗಮನೆ, ಮಂದಗಮನೆ. ಆದರೆ ಇವೆಲ್ಲವೂ ಕಣ್ಣಿಗೆ ಕಂಡ ನಡಿಗೆ, ಕಾಲಿಗೆ ತಿಳಿದ ನಡಿಗೆಯಲ್ಲ. ನಾಯಿಕೆಯು ಮೆಲ್ಲನೆ ನಡೆದುದನ್ನು ನಾಯಕನೂ ಕವಿಯೂ ನೋಡಿ ಹಿಗ್ಗಿದರು. ಹಾಗೆ ನಡೆಯುತ್ತಿದ್ದಾಗ ಆಕೆಯ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಯಾರೂ ಕೇಳಲಿಲ್ಲ. ನಮ್ಮ ಪ್ರಶ್ನೆಯಾದರೋ ನಡೆಯುವವರ ಒಳಗನ್ನು ಕುರಿತದ್ದು. ಆದುದರಿಂದ ಈ ವಿಶೇಷಣಗಳ ರಾಶಿಯನ್ನು ತಂದು ಮುಂದೆ ಸುರಿದರೆ ವಾದವು ಗೆದ್ದಂತಾಗುವುದಿಲ್ಲ.

ಹಾಗಾದರೆ ಎಲ್ಲಿ ಹುಡುಕಬೇಕು? ಜೈನರ ಆಚಾರದಲ್ಲಿ ಒಂದು ಸುಳುಹು ಇರುವುದು. ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ. ಹಗಲಿನ ಬೆಳಕಿನಲ್ಲಿ, ಜನರು ತುಳಿದ ಹಾದಿಯಲ್ಲಿ, ನೊಗದಷ್ಟು ದೂರ, ಎಂದರೆ ಸುಮಾರು ನಾಲ್ಕು ಮೊಳದಷ್ಟು ನೆಲವನ್ನು ಮುಂದೆ ನೋಡಿಕೊಳ್ಳುತ್ತ, ಕಾಲ ಕೆಳಗೆ ಯಾವ ಜೀವಿಯೂ ನೋಯದಂತೆ ಹೆಜ್ಜೆಯಿಡುವುದು ಅದರ ತಾತ್ಪರ್ಯ. ಇಲ್ಲಿ ನಿಧಾನವು ಅಲಂಕಾರವಲ್ಲ, ವ್ರತ. ನಡೆಯುವವನು ಹೋಗಿ ಸೇರುವುದು ಎಲ್ಲಿಗೆಂಬುದಕ್ಕಿಂತ ಈ ಹೆಜ್ಜೆಯನ್ನು ಎಲ್ಲಿ ಇಡುವನೆಂಬುದೇ ಮುಖ್ಯವಾಗುವುದು. ಜನ್ನನ ಯಶೋಧರಚರಿತೆಯಲ್ಲಿ (1209) ಅಭಯರುಚಿ ಅಭಯಮತಿಯರು ಚರಿಗೆಗೆ ಹೊರಟವರು ಚಂಡಕರ್ಮನ ಕೈಗೆ ಸಿಕ್ಕಿ ಮಾರಿಯ ಮನೆಗೆ ಒಯ್ಯಲ್ಪಡುವ ಸಂದರ್ಭವನ್ನು ವಾಚಕರು ನೆನೆದುಕೊಳ್ಳಬಹುದು. ಬಲಿಯ ಕಂಬದ ಕಡೆಗೆ ನಡೆಸಿಕೊಂಡು ಹೋಗುತ್ತಿರುವಾಗಲೂ ಆ ಮಕ್ಕಳು ಕಳವಳಗೊಳ್ಳಲಿಲ್ಲವೆಂಬುದನ್ನು ನಾವು ಅವರ ಜನ್ಮಾಂತರ ಜ್ಞಾನದ ಫಲವೆಂದು ವಿವರಿಸಿ ಮುಗಿಸುವುದು ವಾಡಿಕೆ. ಆದರೆ ಚರಿಗೆಯ ಹೆಜ್ಜೆಯನ್ನು ಅಭ್ಯಾಸಮಾಡಿದ ಕಾಲುಗಳಿಗೆ ಆ ದಾರಿಯೂ ಚರಿಗೆಯ ದಾರಿಯೇ ಆಗಿ ಒದಗಿತೆಂದು ಏಕೆ ಹೇಳಬಾರದು? ಜನ್ನನ ಸಂಯಮದ ಶೈಲಿಗೆ ಈ ಅರ್ಥವು ಹೆಚ್ಚು ಹೊಂದುವುದೆಂದು ನಮಗೆ ತೋರುವುದು.

ಹರಿಹರನ ಪುಷ್ಪರಗಳೆಯನ್ನೂ ಇಲ್ಲಿಯೇ ಹೇಳಬೇಕು. ಹೂ ಕೊಯ್ಯುವುದು ಕಾವ್ಯಸಂಪ್ರದಾಯದಲ್ಲಿ ವನವಿಹಾರದ ಒಂದು ಅಂಗ. ಶೃಂಗಾರಕ್ಕೆ ಮೀಸಲಾದ ವಸ್ತು. ಹಂಪೆಯ ಈ ಕವಿಯು ಅದೇ ತೋಟವನ್ನೂ ಅದೇ ಹೂಗಳನ್ನೂ ಇಟ್ಟುಕೊಂಡು, ನಾಯಕ ನಾಯಿಕೆಯರನ್ನು ಹೊರಕ್ಕೆ ಕಳುಹಿಸಿಬಿಟ್ಟನು. ಬೆಳಗಿನ ಜಾವದಲ್ಲಿ ಗಿಡದಿಂದ ಗಿಡಕ್ಕೆ ಹೋಗುತ್ತ ವಿರೂಪಾಕ್ಷನಿಗಾಗಿ ಹೂವೆತ್ತುವ ಭಕ್ತನೊಬ್ಬನೇ ಉಳಿದನು. ಹೂಗಳೊಡನೆ ಮಾತನಾಡುತ್ತ ಹೋಗುವ ಆ ಭಕ್ತನಿಗೆ ತೋಟವನ್ನು ದಾಟಿ ಗುಡಿಗೆ ಬೇಗ ಹೋಗಬೇಕೆಂಬ ಆತುರವಿಲ್ಲ. ಪೂಜೆಯು ತೋಟದಲ್ಲಿಯೇ ಮೊದಲಾಗಿರುವುದು. ಹ್ಯಾಜ್ಲಿಟ್ಟನಿಗಿಂತ ಆರು ನೂರು ವರ್ಷಗಳಷ್ಟು ಹಿಂದಿನ ಮಾತು ಇದು. ಆದರೂ ಇದು ಬೇಲಿಯೊಳಗಿನ ನಡಿಗೆ ಎಂದು ಯಾರಾದರೂ ಆಕ್ಷೇಪಿಸಿದರೆ ನಾವು ವಿವಾದಕ್ಕೆ ನಿಲ್ಲುವುದಿಲ್ಲ.

ಇನ್ನು ಜಂಗಮವೆಂಬ ಮಾತು. ಬಸವಣ್ಣನವರು ಸ್ಥಾವರವನ್ನೂ ಜಂಗಮವನ್ನೂ ಎದುರೆದುರು ನಿಲ್ಲಿಸಿದುದು ಸರ್ವವಿದಿತ. ಆ ಒಂದು ಶಬ್ದದ ಬಲದಿಂದಲೇ ವಚನಕಾರರೆಲ್ಲರನ್ನೂ ನಡಿಗೆಯ ಉಪಾಸಕರನ್ನಾಗಿ ಮಾಡುವುದು ಇತ್ತೀಚೆಗೆ ಸುಲಭವಾಗಿದೆ. ಚಲಿಸುವ ಚೈತನ್ಯವನ್ನು ಕುರಿತ ತತ್ತ್ವವನ್ನು ಎರಡು ಕಾಲುಗಳಿಗೆ ಇಳಿಸಿಬಿಡುವುದು ವಿಮರ್ಶೆಯಾಗಲಾರದು. ಅದನ್ನು ಇಲ್ಲಿಗೇ ಬಿಡೋಣ.

ಆವನಿಗೆ ಬರುತ್ತೇವೆ. ಮುಳಬಾಗಿಲಿನಿಂದಲೂ ಕೋಲಾರದ ಚಿನ್ನದ ಗಣಿಗಳಿಂದಲೂ ಬಹು ದೂರವಲ್ಲದ ಈ ಊರು ಹಳೆಯ ಶಾಸನಗಳಿಗೆ ಪರಿಚಿತವಾದುದು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಯದು. ಹತ್ತನೆಯ ಶತಮಾನದಲ್ಲಿ ಇಲ್ಲಿದ್ದ ತ್ರಿಭುವನಕರ್ತರನೆಂಬ ಶೈವಗುರುವು ನಲವತ್ತು ವರ್ಷ ಸ್ಥಾನವನ್ನಾಳಿ ಐವತ್ತು ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಆವನಿಯ ಶಾಸನವು ಹೇಳುವುದು. ಊರಿನಲ್ಲಿ ಒಂದೇ ಪ್ರಾಕಾರದೊಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಈಶ್ವರ ದೇವಾಲಯಗಳಿವೆ. ಅವು ನೊಳಂಬರ ಕಾಲದಿಂದ ಬೆಳೆದುಬಂದುವು. ಹಿಂದೆ ಬಂಡೆಗಳ ಬೆಟ್ಟ. ಮೇಲೆ ಸೀತೆಯ ಗುಡಿ. ವಾಲ್ಮೀಕಿಯ ಆಶ್ರಮವು ಇಲ್ಲಿತ್ತು, ಕುಶಲವರು ಇಲ್ಲಿಯೇ ಹುಟ್ಟಿದರು, ತಂದೆಯೂ ಚಿಕ್ಕಪ್ಪಂದಿರೂ ಆ ಮಕ್ಕಳೊಡನೆ ಕಾದಿದ ದೋಷವನ್ನು ಕಳೆದುಕೊಳ್ಳುವುದಕ್ಕಾಗಿ ಕೆಳಗಿನ ಲಿಂಗಗಳನ್ನು ಸ್ಥಾಪಿಸಿದರು ಎಂಬುದು ಸ್ಥಳದವರ ನಂಬಿಕೆ. ಮಕ್ಕಳಿಲ್ಲದ ಹೆಂಗಸರು ಹರಕೆ ಹೊತ್ತು ಬೆಟ್ಟವನ್ನೇರುವರು. ಶಿವರಾತ್ರಿಯ ಹೊತ್ತಿಗೆ ನಡೆಯುವ ಆವನಿಯ ದನಗಳ ಜಾತ್ರೆಯು ಸುತ್ತಲ ಸೀಮೆಗೆಲ್ಲ ಹೆಸರಾದುದು.

ವಾಲ್ಮೀಕಿಯ ಆಶ್ರಮವು ಗಂಗೆಯ ಪ್ರಾಂತದಲ್ಲಿದ್ದಿತೆಂಬುದಕ್ಕೆ ರಾಮಾಯಣವೇ ಆಧಾರವಾಗಿರುವಾಗ, ಗಂಗೆಯೂ ಇಲ್ಲದ, ಹೆಸರಿಗೆ ತಕ್ಕ ಹೊಳೆಯೂ ಇಲ್ಲದ, ಕೆರೆಗಳನ್ನು ನಂಬಿ ಬದುಕುವ ಈ ಬಯಲುಸೀಮೆಯಲ್ಲಿ ಅದನ್ನು ಕಾಣುವುದು ಹೇಗೆಂದು ಇತಿಹಾಸಜ್ಞರು ಕೇಳಬಹುದು. ಕೇಳಲಿ. ಆ ಪ್ರಶ್ನೆಗೆ ಉತ್ತರವು ಸಿಕ್ಕಿದರೂ ಸಿಕ್ಕದಿದ್ದರೂ ಸಾಹಿತ್ಯವಿಮರ್ಶೆಗೆ ನಷ್ಟವಿಲ್ಲ. ಜನರು ಒಂದು ಕಥೆಯನ್ನು ಒಂದು ನೆಲದ ಮೇಲೆ ಯಾವ ಕ್ರಮದಲ್ಲಿ ಬರೆದರು, ಅದನ್ನು ಯಾವ ಕ್ರಮದಲ್ಲಿ ಓದುವರು ಎಂಬುದು ನಮಗೆ ಬೇಕಾದ ವಿಷಯ.

ಆ ಕ್ರಮವು ವಿಚಿತ್ರವಾಗಿದೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಕುಶಲವರ ಕಥೆಯನ್ನು ಓದಿದವರಿಗೆ ಮೊದಲು ಸೀತಾಪರಿತ್ಯಾಗ, ತರುವಾಯ ಆಶ್ರಮವಾಸ, ಮಕ್ಕಳ ಜನನ, ಕುದುರೆಯನ್ನು ಕಟ್ಟುವುದು, ಕಡೆಗೆ ಯುದ್ಧ. ಶತ್ರುಘ್ನ, ಲಕ್ಷ್ಮಣ, ಭರತರು ಒಬ್ಬರ ಹಿಂದೊಬ್ಬರಂತೆ ಬಂದು ಬೀಳುವರು, ರಾಮನೂ ಬರುವನು. ಆವನಿಯಲ್ಲಿ ಯಾತ್ರಿಕನು ಮೊದಲು ಕಾಣುವುದು ಸೋತ ಸೋದರರ ಲಿಂಗಗಳನ್ನು. ಆ ಪ್ರಾಕಾರದಲ್ಲಿ ಒಂದೊಂದಾಗಿ ಸುತ್ತಿ, ಬಳಿಕ ಬೆಟ್ಟವನ್ನು ಏರತೊಡಗಿದರೆ ಕಥೆಯು ಹಿಂದುಹಿಂದಕ್ಕೆ ಹೋಗುವುದು: ಯುದ್ಧದಿಂದ ಬಾಲ್ಯಕ್ಕೆ, ಬಾಲ್ಯದಿಂದ ಹೆರಿಗೆಗೆ, ಹೆರಿಗೆಯಿಂದ ಒಬ್ಬಂಟಿಯಾದ ತಾಯಿಗೆ. ಕಾವ್ಯದಲ್ಲಿ ನಾವು ಕಾರಣದಿಂದ ಕಾರ್ಯಕ್ಕೆ ಓಡುತ್ತೇವೆ. ಬೆಟ್ಟದಲ್ಲಿ ಕಾರ್ಯದಿಂದ ಕಾರಣಕ್ಕೆ ಏದುಸಿರು ಬಿಡುತ್ತ ಹತ್ತುತ್ತೇವೆ. ಗುಡಿಗಳು ಲಕ್ಷ್ಮೀಶನಿಗಿಂತ ಎಷ್ಟೋ ಹಿಂದಿನವಾದುದರಿಂದ, ಒಂದು ಇನ್ನೊಂದನ್ನು ಅನುಕರಿಸಿತೆಂದು ಹೇಳುವುದಕ್ಕೆ ಅವಕಾಶವಿಲ್ಲ. ಎರಡೂ ಒಂದೇ ದುಃಖವನ್ನು ಎರಡು ಕಡೆಗಳಿಂದ ನೋಡಿದುವು, ಅಷ್ಟೆ.

ಈಗ ನಡಿಗೆಯ ವಿಷಯದಲ್ಲಿ ನಮ್ಮ ಮುಖ್ಯವಾದ ಮಾತನ್ನು ಹೇಳಬಹುದು. ಯಾತ್ರೆಗೂ ಪ್ರದಕ್ಷಿಣೆಗೂ ಇರುವ ಭೇದವನ್ನು ಇಂಗ್ಲಿಷ್ ಪ್ರಬಂಧಗಳ ಪಕ್ಷದವರು ಗಮನಿಸಿದಂತಿಲ್ಲ. ಯಾತ್ರೆಗೆ ಗುರಿಯುಂಟು, ಸೇರಿದರೆ ಮುಗಿಯಿತು. ಪ್ರದಕ್ಷಿಣೆಗೆ ಗುರಿಯಿಲ್ಲ, ಹೊರಟಲ್ಲಿಗೇ ಬಂದು ನಿಲ್ಲುವುದು. ಸೇರಬೇಕಾದ ಎಡೆಯಲ್ಲಿ ಈಗಾಗಲೇ ಇರುವವನು ನಡೆಯುವ ನಡಿಗೆ ಅದು. ಗುರಿಯನ್ನು ಕಳೆದ ಮೇಲೆ ನಡಿಗೆಯಲ್ಲಿ ಉಳಿಯುವುದು ಗತಿಯೊಂದೇ. ಅದಕ್ಕಾಗಿಯೇ ನಮ್ಮ ಹಿರಿಯರು ಪ್ರದಕ್ಷಿಣೆಯ ಗತಿಯನ್ನು ಕುರಿತು ಬಹಳ ಎಚ್ಚರಿಕೆಯಿಂದ ವಿಧಿಸಿದರು. ಸಂಪ್ರದಾಯಸ್ಥರ ಬಾಯಲ್ಲಿ ಇಂದಿಗೂ ಉಳಿದಿರುವ ಒಂದು ಸಂಸ್ಕೃತ ಶ್ಲೋಕದ ಭಾವವು ಇದು: ದಿನ ತುಂಬಿ ಹೆರಿಗೆಗೆ ಹತ್ತಿರವಾದ ಹೆಂಗಸು, ಎಣ್ಣೆ ತುಂಬಿದ ಕೊಡವನ್ನು ಹೊತ್ತು, ಹೇಗೆ ಮೆಲ್ಲಮೆಲ್ಲನೆ ನಡೆಯುವಳೋ ಹಾಗೆ ಪ್ರದಕ್ಷಿಣೆ ಮಾಡಬೇಕು.

ಈ ಉಪಮಾನವನ್ನು ಅವಸರವಿಲ್ಲದೆ ಪರಿಶೀಲಿಸಿದರೆ ಅದರ ಬೆಲೆ ತಿಳಿಯುವುದು. ಹಂಸವೂ ಆನೆಯೂ ಇಲ್ಲಿಂದ ಹೊರಟುಹೋದುವು. ಸೌಂದರ್ಯದ ಮಾತೇ ಇಲ್ಲ. ಬಸುರಿಯ ನಡಿಗೆ ಮೆಲ್ಲನಾಗುವುದು ಯಾರೋ ನೋಡಲೆಂದಲ್ಲ, ಒಳಗೊಂದು ಜೀವವಿರುವುದರಿಂದ. ಕೊಡದ ಭಾರ ಮೇಲೆ, ಮಗುವಿನ ಭಾರ ಒಳಗೆ; ಒಂದು ಚೆಲ್ಲಬಾರದು, ಇನ್ನೊಂದು ನೋಯಬಾರದು. ಒಂದು ಹೆಜ್ಜೆ ತಪ್ಪಿದರೆ ಎರಡಕ್ಕೂ ಅಪಾಯ. ಹೀಗಿರುವಾಗ ಆಕೆಯ ಮನಸ್ಸು ದಾರಿಯ ಕೊನೆಯಲ್ಲಿರುವುದು ಸಾಧ್ಯವಿಲ್ಲ, ದಾರಿಯ ಬದಿಯ ನೋಟಗಳಲ್ಲಿರುವುದೂ ಸಾಧ್ಯವಿಲ್ಲ. ಜೈನಮುನಿಯ ಈರ್ಯಾಸಮಿತಿಯಲ್ಲಿ ಲಕ್ಷ್ಯವು ಕಾಲ ಕೆಳಗಿನ ಜೀವಿಯ ಕಡೆಗೆ. ಇಲ್ಲಿ ಒಡಲೊಳಗಿನ ಜೀವಿಯ ಕಡೆಗೆ. ಹ್ಯಾಜ್ಲಿಟ್ಟನು ನಡೆಯುವಾಗ ಜೊತೆಗಾರರು ಬೇಡವೆಂದನು. ತನ್ನನ್ನು ತಾನು ಸಂಪೂರ್ಣವಾಗಿ ಪಡೆಯುವುದಕ್ಕೆ ಅವನಿಗೆ ಏಕಾಂತ ಬೇಕಾಗಿತ್ತು. ನಮ್ಮ ಶ್ಲೋಕದ ಹೆಂಗಸು ಒಬ್ಬಳೇ ನಡೆಯುತ್ತಿದ್ದರೂ ಒಬ್ಬಂಟಿಯಲ್ಲ. ಆಕೆಯ ಅಂತರ್ಮುಖತೆಯು ತನ್ನ ಕಡೆಗಲ್ಲ, ತನ್ನೊಳಗಿರುವ ಇನ್ನೊಂದರ ಕಡೆಗೆ. ಎರಡು ಬಗೆಯ ನಿಧಾನಗಳಿಗೂ ಇರುವ ವ್ಯತ್ಯಾಸವು ಇದೇ. ಒಂದನ್ನು ಮೇಲೆಂದೂ ಇನ್ನೊಂದನ್ನು ಕೀಳೆಂದೂ ನಾವು ಹೇಳುತ್ತಿಲ್ಲ. ಎರಡೂ ಬೇರೆ ಬೇರೆ ಎಂಬುದಿಷ್ಟೇ ನಮ್ಮ ವಾದಕ್ಕೆ ಸಾಕು.

ಈ ಶ್ಲೋಕವನ್ನು ಮನಸ್ಸಿನಲ್ಲಿಟ್ಟುಕೊಂಡು ಆವನಿಯ ಬೆಟ್ಟವನ್ನು ನೋಡಿರಿ. ಪ್ರದಕ್ಷಿಣೆಯ ವಿಧಿಯಲ್ಲಿ ಉಪಮಾನವಾಗಿರುವವಳು ಇಲ್ಲಿ ಉಪಮೇಯವೇ ಆಗಿರುವಳು. ದಿನ ತುಂಬಿದ ಹೆಂಗಸೊಬ್ಬಳು ಈ ಬಂಡೆಗಳ ನಡುವೆ ನಡೆದಳೆಂಬುದೇ ಬೆಟ್ಟದ ಕಥೆ. ಆದುದರಿಂದ ಈ ಬೆಟ್ಟಕ್ಕೆ ಒಪ್ಪುವ ಗತಿಯನ್ನು ಶಾಸ್ತ್ರವು ಬೇರೆಯಾಗಿ ಹೇಳಬೇಕಾಗಿಲ್ಲ. ಮಗುವನ್ನು ಬೇಡಿ ಹತ್ತುವ ಹೆಂಗಸು, ಇನ್ನೂ ಇಲ್ಲದ ಭಾರವನ್ನು ಹೊತ್ತವಳಂತೆ ಹತ್ತುವಳು. ಸೀತೆಯ ನಡಿಗೆಯನ್ನು ಮೊದಲೇ ಅಭ್ಯಾಸ ಮಾಡುವಳು. ಬೆಂಗಳೂರಿನಿಂದ ಬೆಳಗ್ಗೆ ಮೋಟಾರಿನಲ್ಲಿ ಬಂದು, ಬೆಟ್ಟವನ್ನು ಓಡುತ್ತ ಏರಿ, ಸಂಜೆಗೆ ಮರಳುವ ತರುಣರನ್ನು ನಿಂದಿಸಬೇಕಾಗಿಲ್ಲ. ಅವರು ಒಂದು ಬೆಟ್ಟವನ್ನು ಹತ್ತಿರುವರು. ಈ ಬೆಟ್ಟವನ್ನು ಹತ್ತಿಲ್ಲ.

ಇದರ ಬೆಳಕಿನಲ್ಲಿ ಲಕ್ಷ್ಮೀಶನಿಗೆ ಹಿಂದಿರುಗಿದರೆ ಸೀತಾಪರಿತ್ಯಾಗದ ಭಾಗವು ಬೇರೆಯಾಗಿ ಕಾಣುವುದು. ಆ ಭಾಗದ ಕರುಣರಸವನ್ನು ಮೆಚ್ಚದವರಿಲ್ಲ. ಕಾಡಿನ ಮೃಗಪಕ್ಷಿಗಳು ಸೀತೆಯೊಡನೆ ಮರುಗುವ ಪದ್ಯಗಳು ಪಾಠಪುಸ್ತಕಗಳಿಂದ ಎಲ್ಲರಿಗೂ ಬಾಯಿಪಾಠ. ಆದರೆ ಅಲ್ಲಿ ಎರಡು ಗತಿಗಳ ವಿರೋಧವಿದೆ ಎಂಬುದನ್ನು ಕಂಡವರು ಕಡಮೆ. ಸೀತೆಯನ್ನು ಲಕ್ಷ್ಮಣನು ಕರೆದೊಯ್ಯುವುದು ರಥದಲ್ಲಿ. ರಥವು ರಾಜಾಜ್ಞೆಯ ಗತಿ: ಅದಕ್ಕೆ ಮುಟ್ಟಬೇಕಾದ ಎಡೆ ಗೊತ್ತು, ಆಗಬೇಕಾದ ಕೆಲಸ ಗೊತ್ತು, ಒಳಗೆ ಕುಳಿತವಳಿಗೆ ಮಾತ್ರ ಯಾವುದೂ ಗೊತ್ತಿಲ್ಲ. ಗಂಗೆಯನ್ನು ದಾಟಿ, ಸತ್ಯವನ್ನು ತಿಳಿಸಿ ಲಕ್ಷ್ಮಣನು ಹಿಂದಿರುಗಿದ ಮೇಲೆ ಆಕೆಗೆ ಉಳಿದುದು ತನ್ನ ಕಾಲುಗಳು. ಅರಮನೆಯಲ್ಲಿ ಯಾರ ಕಣ್ಣಿಗೋ ಹಂಸಗಮನೆಯಾಗಿದ್ದವಳ ನಡಿಗೆಗೆ ಇಲ್ಲಿ ನೋಡುವವರೇ ಇಲ್ಲ. ವಿಶೇಷಣವು ಸತ್ತಿತು, ನಡಿಗೆ ಉಳಿಯಿತು. ಕಾಡು ಆಕೆಯೊಡನೆ ಮರುಗತೊಡಗುವುದು ಆಗಲೇ. ರಥದಲ್ಲಿ ಹೋಗುವವಳಿಗೆ ನವಿಲಾಗಲಿ ಜಿಂಕೆಯಾಗಲಿ ಗಾಳಿ ಬೀಸಿ ನೆರಳು ಹಿಡಿಯಲು ಬರುತ್ತಿರಲಿಲ್ಲ. ಲಕ್ಷ್ಮೀಶನ ನಿಸರ್ಗವನ್ನು ಕೇವಲ ಅಲಂಕಾರವೆಂದು ಕರೆಯುವವರು, ಅದು ಯಾವ ಗತಿಗೆ ಕಾಣಿಸುವುದೆಂಬುದನ್ನು ವಿಚಾರಿಸಬೇಕು.

ಛಂದಸ್ಸಿನ ಮಾತನ್ನೂ ಸೇರಿಸುವುದು ಅನುಚಿತವಲ್ಲ. ನಮ್ಮ ಭಾಷೆಯಲ್ಲಿ ಅಡಿಯೆಂದರೆ ಕಾಲೂ ಹೌದು, ಪದ್ಯದ ಸಾಲೂ ಹೌದು. ಚರಣವೂ ಪಾದವೂ ಹಾಗೆಯೇ. ನಡೆಯೆಂದರೆ ಹೆಜ್ಜೆ, ಆಚಾರ, ಲಯ ಮೂರೂ ಆಗುವುದು. ಗತಿಯೆಂದರೆ ವೇಗವೂ ಹೌದು, ಕಡೆಯ ಆಶ್ರಯವೂ ಹೌದು. ವಾರ್ಧಕ ಷಟ್ಪದಿಯ ಗಣವು ಐದು ಮಾತ್ರೆಯದು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಅಂಥ ನಾಲ್ಕು ಗಣಗಳು. ಮೂರು ಮತ್ತು ಆರನೆಯವುಗಳಲ್ಲಿ ಆರು ಗಣಗಳೂ ಮೇಲೊಂದು ಗುರುವೂ. ಕುಮಾರವ್ಯಾಸನ ಭಾಮಿನಿಯು ಮೂರು ನಾಲ್ಕು ಮಾತ್ರೆಗಳ ತೂಗಾಟದಿಂದ ಮುಂದಕ್ಕೆ ತಳ್ಳುವುದು. ವಾರ್ಧಕದ ಐದರ ನಡೆಯಲ್ಲಿ ಮುಂದಿಟ್ಟ ಕಾಲನ್ನು ಊರಿ ಹಿಂದಿನದನ್ನು ಎಳೆದುಕೊಳ್ಳುವಂಥ ಒಂದು ತಡೆಯುಂಟು, ಉದ್ದವಾದ ಸಾಲಿನ ಕೊನೆಯ ಗುರುವಿನಲ್ಲಿ ನಿಂತು ಉಸಿರು ತೆಗೆದುಕೊಳ್ಳುವ ಎಡೆಯುಂಟು. ಯುದ್ಧದ ಸಂಧಿಗಳಲ್ಲಿ ಇದೇ ವೃತ್ತವನ್ನು ಓಡಿಸಬಲ್ಲೆನೆಂದು ಲಕ್ಷ್ಮೀಶನು ತೋರಿಸಿರುವನು. ಆದರೆ ಪರಿತ್ಯಾಗದ ಪದ್ಯಗಳನ್ನು ಓಡಿಸಿದರೆ ಅವು ಬರಿಯ ಶಬ್ದಚಮತ್ಕಾರವಾಗಿ ಉಳಿಯುವುವು. ಪರಿಷತ್ತು ಗಮಕ ತರಗತಿಗಳನ್ನು ನಡೆಸಿದುದು ರಾಗದ ಸೊಗಸಿಗಾಗಿ ಮಾತ್ರವಲ್ಲವೆಂದು ನಾವು ತಿಳಿದಿರುವೆವು. ಗಮಕಿಯು ಒಂದು ಪದ್ಯಕ್ಕೆ ತೆಗೆದುಕೊಳ್ಳುವ ಹೊತ್ತಿನಲ್ಲಿ ತರಗತಿಯ ಉಪಾಧ್ಯಾಯರು ಹತ್ತು ಪದ್ಯಗಳಿಗೆ ಅರ್ಥ ಹೇಳಿಬಿಡುವರು. ಆಗ ಅರ್ಥವು ತಿಳಿಯುವುದು, ಸೀತೆಯು ತಪ್ಪಿಹೋಗುವಳು.

ಇಷ್ಟರಿಂದ ನಿಧಾನವೆಂಬುದೇ ಅಧ್ಯಾತ್ಮವೆಂದು ಯಾರೂ ಭ್ರಮಿಸಬಾರದು. ರಾಘವಾಂಕನ ಹರಿಶ್ಚಂದ್ರಕಾವ್ಯವು ಅದಕ್ಕೆ ತಕ್ಕ ಮದ್ದು. ರಾಜ್ಯವನ್ನು ಕಳೆದುಕೊಂಡು ಹೆಂಡತಿ ಮಗನೊಡನೆ ಕಾಶಿಯ ಹಾದಿ ಹಿಡಿದ ಹರಿಶ್ಚಂದ್ರನನ್ನು ನಕ್ಷತ್ರಕನು ಹೆಜ್ಜೆಹೆಜ್ಜೆಗೂ ತಡೆದು ಕಾಡುವನು. ಆ ದಾರಿಯೂ ಕಾಲ್ನಡಿಗೆಯ ದಾರಿ. ಅದರಷ್ಟು ನಿಧಾನವಾದ ದಾರಿ ಕನ್ನಡದಲ್ಲಿ ಇನ್ನೊಂದಿಲ್ಲ. ಆದರೆ ಆ ನಿಧಾನವನ್ನು ವಿಧಿಸಿದವನು ಸಾಲಗಾರನ ಬೆನ್ನುಹತ್ತಿದವನು. ಅಲ್ಲಿ ತಡವೆಂಬುದು ಹಿಂಸೆಯ ಸಾಧನ. ಹೊರಗಿನವನು ಹೇರಿದ ನಿಧಾನದಿಂದ ಚಿತ್ತಶಾಂತಿಯು ಬರಲಾರದು. ಹರಿಶ್ಚಂದ್ರನು ಶಾಂತನಾಗಿ ಉಳಿದುದು ಅದರಿಂದಲ್ಲ, ಅದನ್ನು ಮೀರಿ. ಹೀಗೆ ಗತಿಯ ವೇಗಕ್ಕಿಂತ, ಗತಿಯನ್ನು ಗೊತ್ತುಮಾಡುವವರು ಯಾರೆಂಬುದೇ ವಿಚಾರಯೋಗ್ಯವಾದ ಪ್ರಶ್ನೆ. ನಕ್ಷತ್ರಕನ ಹಾದಿಯಲ್ಲಿ ಅದನ್ನು ಗೊತ್ತುಮಾಡುವುದು ಸಾಲ. ಥೋರೋವಿನ ಹಾದಿಯಲ್ಲಿ ನಡೆಯುವವನ ಇಚ್ಛೆ. ಆವನಿಯಲ್ಲಿ ಹೊತ್ತ ಭಾರ. ದನಗಳ ಜಾತ್ರೆಗೆ ಹಿಂದೆ ಎತ್ತುಗಳನ್ನು ಹೊಡೆದುಕೊಂಡು ನಡೆದು ಬರುತ್ತಿದ್ದ ರೈತನೂ ತನ್ನ ಹೆಜ್ಜೆಯನ್ನು ತಾನು ಗೊತ್ತುಮಾಡಿಕೊಂಡವನಲ್ಲ, ಎತ್ತಿನ ಹೆಜ್ಜೆಗೆ ತನ್ನ ಹೆಜ್ಜೆಯನ್ನು ಹೊಂದಿಸಿಕೊಂಡವನು. ಅವನನ್ನು ತತ್ತ್ವಜ್ಞನೆಂದು ಕರೆಯುವ ಭಾವುಕತೆ ನಮಗೆ ಬೇಡ; ಆದರೆ ಇನ್ನೊಂದು ಜೀವದ ಗತಿಯಲ್ಲಿ ಬಹು ದೂರ ನಡೆದು ಬಂದ ಅನುಭವವು ಅವನಿಗಿತ್ತು, ಅದನ್ನು ಬರೆಯಬಲ್ಲ ಪ್ರಬಂಧಕಾರನು ಅವನಿಗೆ ದೊರೆಯಲಿಲ್ಲ.

ಈ ನೆರೆಯಲ್ಲಿಯೇ ಎರಡು ದೊಡ್ಡ ಹೆಸರುಗಳಿವೆ. ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ವ್ಯಾಸರಾಯರ ಗುರುಗಳಾದ ಶ್ರೀಪಾದರಾಜರ ಬೃಂದಾವನವಿರುವುದು. ದೇವರ ಪಾದವನ್ನೇ ಹೆಸರಿನಲ್ಲಿ ಹೊತ್ತ ಈ ಯತಿಗಳು ಕನ್ನಡದಲ್ಲಿ ಹಾಡಿದುದರ ಬಲದಿಂದ, ಮುಂದೆ ತಂಬೂರಿ ಹಿಡಿದು ಗೆಜ್ಜೆ ಕಟ್ಟಿ ಬೀದಿಯಲ್ಲಿ ನಡೆದ ದಾಸರ ಪರಂಪರೆಯು ಬೆಳೆಯಿತು. ಡಿ. ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದುದು ಇದೇ ಮುಳಬಾಗಿಲಿನಲ್ಲಿ. ಅವರ ‘ಮಂಕುತಿಮ್ಮನ ಕಗ್ಗ’ವು 1943ರಲ್ಲಿ ಪ್ರಕಟವಾಯಿತು. ಕಗ್ಗದ ಪದ್ಯಗಳು ನಾಲ್ಕು ಸಾಲು ಹೋಗಿ ನಿಲ್ಲುವುವು, ಮುಂದಿನದು ಮತ್ತೆ ಮೊದಲಿನ ಎಡೆಯಿಂದಲೇ ಹೊರಡುವುದು. ತರ್ಕದ ಮೆಟ್ಟಿಲುಗಳನ್ನು ಏರಿ ಸಿದ್ಧಾಂತವನ್ನು ಮುಟ್ಟುವ ಗ್ರಂಥವಲ್ಲ ಅದು. ಒಂದೇ ಪ್ರಶ್ನೆಯ ಸುತ್ತ ಹಾಕಿದ ಪ್ರದಕ್ಷಿಣೆಗಳ ಸಾಲು. ಪುನರುಕ್ತಿಯ ದೋಷವನ್ನು ಅದರಲ್ಲಿ ಎಣಿಸುವವರು ಯಾತ್ರೆಯ ಅಳತೆಗೋಲಿನಿಂದ ಪ್ರದಕ್ಷಿಣೆಯನ್ನು ಅಳೆಯುತ್ತಿರುವರೆಂದು ನಮ್ಮ ಅಭಿಪ್ರಾಯ.

ಕೋಲಾರದ ಗಡಿಸೀಮೆಯಲ್ಲಿ ಹೆಂಗಸರ ಬಾಯಲ್ಲಿ ಕನ್ನಡವೂ ತೆಲುಗೂ ಒಂದರೊಡನೊಂದು ಬೆರೆತು ಬರುವುವು. ಆವನಿಯ ಬೆಟ್ಟವನ್ನೇರುವಾಗ ಅವರು ಆಡುವ ಮಾತುಗಳನ್ನು, ದಣಿವಾರಿಸಿಕೊಳ್ಳಲು ಕೂರುವ ಬಂಡೆಗಳನ್ನು, ಆ ಬಂಡೆಗಳಿಗೆ ಸೀತೆಯ ಸಂಬಂಧದಿಂದ ಬಂದಿರುವ ಹೆಸರುಗಳನ್ನು ಎರಡು ಭಾಷೆಗಳಲ್ಲಿಯೂ ಕೇಳಿ ಬರೆದುಕೊಳ್ಳಬೇಕು. ಶಾಸನಗಳನ್ನು ಕೂಡಿಸಿದಷ್ಟೇ ಶ್ರದ್ಧೆಯಿಂದ ಈ ಕೆಲಸವೂ ಆಗಬೇಕಾದುದು. ಅದಕ್ಕೆ ಹೋಗುವವರು ಹೆಂಗಸರಾಗಿದ್ದರೆ ಮೇಲು; ಮತ್ತು ಜಾತ್ರೆಯ ಗದ್ದಲದಲ್ಲಿ ಅಲ್ಲ, ಹರಕೆಯವರು ನಾಲ್ಕಾರು ಮಂದಿ ಮಾತ್ರ ಬರುವ ಸಾಮಾನ್ಯ ದಿನಗಳಲ್ಲಿ ಹೋಗಿ, ಅವರ ಹಿಂದೆ, ಅವರ ಹೆಜ್ಜೆಯಲ್ಲಿಯೇ ಹತ್ತಬೇಕು.